ಗಿನ್‌ಪೇ ಚೊಕ್ಕಟ ಮಾಡಿದ ತೌಡು

ಜಪಾನಿನ ಕೊಕುರಾದ ನಮ್ಮ ಕೇರಿಯಲ್ಲಿ ಗಿನ್‌ಪೇಯಷ್ಟು ತಿಳಿದವನು ಇನ್ನೊಬ್ಬನಿಲ್ಲ. ಹಾಗೆಂದು ಹೇಳಿದವನೂ ಅವನೇ. ಮೂವತ್ತೆಂಟು ವರ್ಷ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿದ. ಮನೆಯಲ್ಲಿ ಒಂದು ಬಟ್ಟಲನ್ನೂ ತೊಳೆಯಲಿಲ್ಲ. ಹೆಂಡತಿ ಫುಸಾಯೆ ದಿನಾ ಬೆಳಿಗ್ಗೆ ಉಪ್ಪು ಬೆರೆಸಿ ಹುಳಿ ಬರಿಸಿದ ಅಕ್ಕಿ ತೌಡಿನ ಜಾಡಿಯನ್ನು ಬರಿಗೈಯಲ್ಲಿ ಕಲಸಿ, ಉಪ್ಪಿನಕಾಯಿಗೆಂದು ಸೌತೆ ಬದನೆ ಹೂಳುತ್ತಿದ್ದಳು. ಅವಳ ಅಜ್ಜಿಯ ಕಾಲದ ತೌಡು, ದಿನಾ ಕಲಸಿದರೆ ಕೆಡದೆ ಉಳಿಯುವಂಥದ್ದು. ಮದುವೆಯಾಗಿ ಬರುವಾಗ ತಂದದ್ದು. ಇವನು ಪತ್ರಿಕೆಯ ಹಿಂದಿನಿಂದ ತಟ್ಟೆ ಚಾಚುತ್ತಿದ್ದ, ಅಷ್ಟೆ.

ಹೋದ ಚಳಿಗಾಲ ಫುಸಾಯೆ ತೀರಿಕೊಂಡಳು. ಅವಳ ಗುರುತಾಗಿ ಉಳಿದದ್ದು ಆ ಜಾಡಿಯೊಂದೇ. ಅದು ಕೆಟ್ಟರೆ ಎಲ್ಲ ಮುಗಿಯಿತೆಂಬ ಭಯ ಅವನಿಗೂ ಇತ್ತು. ಭಯವಿದ್ದವನು ಕೇಳಿ ಕಲಿಯುತ್ತಾನೆ. ಇವನು ಬೇಲಿಯಾಚೆಯಿಂದ ಪಕ್ಕದ ಮನೆಯ ನನಗೇ ಪಾಠ ಹೇಳತೊಡಗಿದ.

"ಎಲ್ಲಾ ಕೈಗುಣ, ಇಸೋ! ನನ್ನ ಕೈ ತೌಡಿಗೆ ಒಗ್ಗಿಬಿಟ್ಟಿದೆ."

ಮೇ ಕೊನೆಯಲ್ಲಿ ನೋಡಿದರೆ, ಜರಡಿ ಹಿಡಿದು ತೌಡಿನಿಂದ ಕಪ್ಪು ಕಾಳು ಹೆಕ್ಕಿ ಎಸೆಯುತ್ತಿದ್ದಾನೆ.

"ಏನ್ರೀ ಅದು?"

"ಕಸ. ಫುಸಾಯೆಗೆ ಚೊಕ್ಕಟ ಅನ್ನೋದೇ ಇರ್ಲಿಲ್ಲ."

"ಅಯ್ಯೋ ಮಹಾನುಭಾವ, ಅದು ಸಾನ್ಶೋ ಕಾಯಿ! ನಾಲಿಗೆ ಜುಮ್ ಅನ್ಸತ್ತಲ್ಲ, ಆ ಖಾರಕ್ಕೇ ತೌಡು ಕೆಡಿಸೋ ಬಿಳಿ ಪೊರೆ ಹತ್ರ ಸುಳಿಯಲ್ಲ. ವರ್ಷಾ ವರ್ಷಾ ಹಾಕ್ತಿದ್ಲು."

"ಕೈ ಸರಿಯಿದ್ರೆ ಕಾಯಿ ಯಾಕೆ?"

ಮಳೆಗಾಲದ ಸೆಕೆ ಶುರುವಾಗಿದ್ದೇ ತಡ, ಯೀಸ್ಟು ಬಿಳಿ ಪೊರೆಯಾಗಿ ಹಬ್ಬಿತು. ಆಗಲಾದರೂ ಬಾಯಿಬಿಟ್ಟು ಕೇಳಬಾರದೆ? ಪುಕ್ಕಲ, ಮುಚ್ಚಳ ಬಿಗಿದು ವಾರವಿಡೀ ತೆರೆಯಲೇ ಇಲ್ಲ. ಬೇಲಿಯ ಈಚೆಗೂ ಕೆಟ್ಟ ತೌಡಿನ ಪೇಂಟಿನಂಥ ವಾಸನೆ ಬಂತು.

ಕೊನೆಗೊಂದು ದಿನ ಖಾಲಿ ಜಾಡಿ ಹಿಡಿದು ನಮ್ಮ ಬಾಗಿಲಲ್ಲಿ ನಿಂತ.

"ಹಿತ್ತಿಲಲ್ಲಿ ಹೂತುಬಿಟ್ಟೆ," ಎಂದ.

ನನ್ನ ಜಾಡಿಯಿಂದ ಸೌತೆ ತೆಗೆದು, ತೊಳೆದು, ಹೆಚ್ಚಿ ಮುಂದಿಟ್ಟೆ. ಎರಡನೇ ಹೋಳಿಗೆ ಅವನ ದವಡೆ ನಿಂತಿತು.

"ಇದು... ಫುಸಾಯೆದು."

"ಅವಳದೇ. ಮೂವತ್ತು ವರ್ಷದ ಹಿಂದೆ ಹೆಪ್ಪಿಗೆ ಅಂತ ನಂಗೊಂದು ಹಿಡಿ ಕೊಟ್ಟಿದ್ಲು. ನಲವತ್ತು ವರ್ಷ ತಿಂದ್ರಲ್ಲ, ಒಂದಿನನಾದ್ರೂ ಚೆನ್ನಾಗಿದೆ ಅಂದ್ರಾ?"

"...ಇಲ್ಲ."

ಅವನ ಜಾಡಿಗೆ ಎರಡು ಹಿಡಿ ತೌಡು ಹಾಕಿದೆ. ಅವನಿಗಾಗಿ ಅಲ್ಲ, ಅವಳಿಗಾಗಿ. ಆಮೇಲೆ ಒಂದು ಬುಟ್ಟಿ ಸಾನ್ಶೋ ಕಾಯಿ ಮುಂದಿಟ್ಟು ತೊಟ್ಟು ಬಿಡಿಸಲು ಕೂರಿಸಿದೆ. ತಲೆ ತಗ್ಗಿಸಿ ಬಿಡಿಸಿದ. ಸ್ವಲ್ಪ ಹೊತ್ತಿಗೆ ಮೂಗೊರೆಸಿಕೊಂಡು, "ಏನು ಘಾಟು ಈ ಕಾಯಿದು, ಕಣ್ಣಲ್ಲಿ ನೀರು ಬರತ್ತೆ," ಎಂದ.

ಐವತ್ತು ವರ್ಷದಿಂದ ಬಿಡಿಸುತ್ತಿದ್ದೇನೆ. ಸಾನ್ಶೋ ಕಾಯಿಗೆ ಯಾರ ಕಣ್ಣಲ್ಲೂ ನೀರು ಬಂದದ್ದಿಲ್ಲ.