ನಾನು ಅಳಿಸಿದ್ದ ‘ಹೌದಲ್ರೀ?’

ನನ್ನ ಸಂಶೋಧನಾ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರಿದ್ದಾರೆ, ಗ್ರಂಥಾಲಯದವರಿದ್ದಾರೆ, ಟೈಪು ಮಾಡಿಕೊಟ್ಟವರೂ ಇದ್ದಾರೆ. ಯಾರ ಮಾತಿನಿಂದ ಆ ಪ್ರಬಂಧ ಆಯಿತೋ ಆ ಒಂಬತ್ತು ಮಂದಿ ಮಾತ್ರ ಇಲ್ಲ. ಅವರ ಗುರುತು ಎಲ್ಲಿಯೂ ಬಯಲಾಗಬಾರದು ಎಂಬುದು ನಿಯಮ. ಒಳ್ಳೆಯ ನಿಯಮವೇ. ಆದರೂ ಆ ಪುಟ ಕಣ್ಣಿಗೆ ಬಿದ್ದಾಗಲೆಲ್ಲ, ಉಂಡ ಮನೆಯಿಂದ ಹೇಳದೆ ಎದ್ದು ಬಂದವಳಂತೆ ಒಂದು ಸಂಕೋಚ ನನಗೆ. ಹೆಸರಿಲ್ಲದೆ, ಊರುಗಳನ್ನೂ ಬದಲಿಸಿ, ಅವರಲ್ಲಿ ಕೆಲವರನ್ನು ಇಲ್ಲಿ ನೆನೆಯುತ್ತೇನೆ.

ನಾನು ಕಲಬುರಗಿಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುವವಳು. ಹುಟ್ಟಿದ್ದು ಆಳಂದದಲ್ಲಿ. ಡಿಮೆನ್ಷಿಯಾ, ಅಂದರೆ ನೆನಪು, ಮಾತು, ಹೊತ್ತಿನ ಅಂದಾಜು ಒಂದೊಂದಾಗಿ ಕೈತಪ್ಪುತ್ತಾ ಹೋಗುವ ಕಾಯಿಲೆ ಇರುವವರು ತಮ್ಮ ದಿನಗಳ ಬಗ್ಗೆ ತಾವೇ ಏನು ಹೇಳುತ್ತಾರೆ ಎಂಬುದು ನನ್ನ ವಿಷಯವಾಗಿತ್ತು. ಮನೆಯವರನ್ನು ಕೇಳುವುದು ಸುಲಭ. ನಾನು ಅವರನ್ನೇ ಕೇಳಬೇಕೆಂದುಕೊಂಡಿದ್ದೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಬಸ್ಸು ಹತ್ತಿ ಇಳಿದು, ನನ್ನ ಜೊತೆ ಮಾತನಾಡಲು ಒಪ್ಪುವ ಒಂಬತ್ತು ಮಂದಿಯನ್ನು ಹುಡುಕಿಕೊಂಡೆ. ಮಾರ್ಗದರ್ಶಕರು ಮೊದಲ ದಿನವೇ ಕೇಳಿದ್ದರು: “ಒಂಬತ್ತು ಮಂದಿ ಹೇಳಿದ್ದನ್ನ ಹಿಡಕೊಂಡು ಉಳಿದವರ ಬಗ್ಗೆ ಏನು ಹೇಳಾಕ ಬರ್ತದ ನಿಮಗ?” ಪುಸ್ತಕದಲ್ಲಿ ಓದಿದ್ದ ಉತ್ತರವನ್ನೇ ಒಪ್ಪಿಸಿದೆ. ಅವರು ತಲೆಯಾಡಿಸಿದರು. ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮೊದಲು ಹೋದದ್ದು ಕರಜಗಿಗೆ. ಅಲ್ಲಿ ಗಂಡ ತೀರಿಕೊಂಡ ಮೇಲೆ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದ್ದ ಒಬ್ಬ ಮುದುಕಿ ಇದ್ದರು. ಬೀಳುತ್ತಿರುವ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ ಕಲ್ಲು ಬಿಗಿ ಮಾಡಬೇಕೋ ಸಡಿಲ ಮಾಡಬೇಕೋ ಹೇಳುತ್ತಿದ್ದರಂತೆ. ಈಗ ಗಿರಣಿ ಮಗನ ಕೈಯಲ್ಲಿ. ನಾನು ಅವರನ್ನು ಆಯಿ ಎಂದು ಕರೆದೆ. ಪಕ್ಕದಲ್ಲಿ ಸೊಸೆ ಕುಳಿತಿದ್ದಳು.

“ಆಯಿ, ಮುಂಜಾನೆ ಎದ್ದ ಮ್ಯಾಲೆ ಏನು ಮಾಡ್ತೀರಿ?”

“ಏನೂ ಮಾಡಂಗಿಲ್ರಿ, ಚಾ ಕುಡೀತಾರ, ಕಟ್ಟಿ ಮ್ಯಾಲೆ ಕೂಡ್ತಾರ,” ಎಂದಳು ಸೊಸೆ.

“ಗಿರಣಿ ಕಡೆ ಹೋಗ್ತೀರೇನ್ರಿ?”

“ಇಲ್ರಿ, ಮಷೀನಿನ ಪಟ್ಟಾಕ್ಕ ಸೀರಿ ಸಿಕ್ಕೀತಂತ ನಾವೇ ಬಿಡಂಗಿಲ್ಲ.”

ಅರ್ಧ ಗಂಟೆ ಹೀಗೇ ಆಯಿತು. ಕೆಟ್ಟ ಸೊಸೆಯಲ್ಲ, ಪಟಪಟ ಕೆಲಸದವಳು. ಅಷ್ಟರಲ್ಲಿ ಹೊರಗೆ ಆಡು ಒಣಹಾಕಿದ್ದ ತೊಗರಿಗೆ ಬಾಯಿ ಹಾಕಿತು. ಸೊಸೆ ಕೂಗುತ್ತಾ ಓಡಿದಳು. ನನಗೆ ಕೇಳಲು ಬೇರೆ ಪ್ರಶ್ನೆ ಹೊಳೆಯಲಿಲ್ಲ, ಸುಮ್ಮನೆ ಕುಳಿತೆ. ಬಹಳ ಹೊತ್ತಾದ ಮೇಲೆ ಆಯಿ ಬಾಯಿಬಿಟ್ಟರು.

“ನೀ ಕೇಳಿದ್ದು ನನಗ ತಿಳೀತದ, ಯವ್ವಾ. ಉತ್ತರಾ ಬರಾಕ ಹೊತ್ತು ಹಿಡೀತದ. ಅದು ಬಾಯಿತನ ಬರೂದ್ರಾಗ ಇವ್ರು ಬ್ಯಾರೆ ಮಾತಿಗೆ ಹೋಗಿರ್ತಾರ. ಆಮ್ಯಾಲ ನಾ ಹೇಳಿದ್ರ, ನೋಡು, ಆಯಿಗೆ ತಲಿ ಕೆಟ್ಟದ ಅಂತಾರ.”

ಮತ್ತೆ ಸ್ವಲ್ಪ ಹೊತ್ತು ಬಿಟ್ಟು, “ಗಿರಣಿ ಸಪ್ಪಳ ಕೇಳ್ಕೋತ ಕೂಡ್ತೇನಿ. ಅದೇ ನನ್ನ ಕೆಲಸ,” ಎಂದರು. ಅದು ನಾನು ಮೊಟ್ಟಮೊದಲು ಕೇಳಿದ ಪ್ರಶ್ನೆಗೆ ಉತ್ತರವಾಗಿತ್ತು.

ಅಫಜಲಪುರದ ಬಸ್ಸಿಗೆ ಕಾಯುತ್ತಾ ರಸ್ತೆ ಬದಿಯಲ್ಲೇ ಆ ಮಾತನ್ನು ಬರೆದುಕೊಂಡೆ. ಪಕ್ಕದ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಹೀಗೆ ಹಾಕಿದೆ: ಡಿಮೆನ್ಷಿಯಾ ಇರುವವರ ಪರವಾಗಿ ಮನೆಯವರು ಉತ್ತರಿಸಬಾರದು. ಒಬ್ಬರ ಮಾತು ಕೇಳಿ ಲೋಕಕ್ಕೆಲ್ಲ ನಿಯಮ ಬರೆದುಬಿಟ್ಟಿದ್ದೆ. ಅದರ ಅರಿವೂ ನನಗಿರಲಿಲ್ಲ, ಬರಿಯ ಸಂತೋಷವಿತ್ತು.

ಎರಡು ವಾರದ ಬಳಿಕ ಜೇವರ್ಗಿಯ ಆಚೆ ಇಜೇರಿಗೆ ಹೋದೆ. ಅಲ್ಲಿದ್ದವರು ನಿವೃತ್ತ ಬಸ್ ಕಂಡಕ್ಟರ್. ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನಗಾಗಿಯೇ ಕಾದಿದ್ದರು. ಹೆಂಡತಿ ನೆಲದ ಮೇಲೆ ಕುಳಿತು ಸೊಪ್ಪು ಸೋಸುತ್ತಿದ್ದರು. ಗಂಡ ಒಂದು ಮಾತು ಶುರು ಮಾಡುವರು, ನಡುವೆ ಎಳೆ ತಪ್ಪುವುದು, ಹೆಂಡತಿ ಅಲ್ಲಿಂದ ಹಿಡಿದು ಮುಗಿಸುವರು. ನನ್ನ ತಲೆಯಲ್ಲಿ ಕರಜಗಿಯ ಆಯಿ. ಮೂರನೆಯ ಸಲ ಹೀಗಾದಾಗ ನಾನು ಬಾಯಿ ಹಾಕಿದೆ:

“ಅಮ್ಮಾರೆ, ತಪ್ಪು ತಿಳೀಬ್ಯಾಡ್ರಿ. ಕಾಕಾ ಅವರೇ ಹೇಳ್ಲಿ. ನೀವು ಸ್ವಲ್ಪ ಸುಮ್ಕಿರ್ರಿ.”

ಆ ತಾಯಿ ಸೊಪ್ಪು ಬಿಟ್ಟು ಕೈ ಮಡಿಲಲ್ಲಿಟ್ಟುಕೊಂಡರು. ನಾನು ಕಾದೆ. ಕರಜಗಿಯಲ್ಲಿ ಕಾದಂತೆಯೇ ಕಾದೆ. ಕಾಕಾನ ತುಟಿಗಳು ಅಲುಗಿದವು. ಹಣೆಯ ಮೇಲೆ ಬೆವರು ಮೂಡಿತು. ಹೆಂಡತಿಯ ಕಡೆ ನೋಡಿದರು. ನನ್ನ ಮಾತಿಗೆ ಕಟ್ಟುಬಿದ್ದು ಆಕೆ ತಲೆ ತಗ್ಗಿಸಿದ್ದರು. ಆ ದೊಡ್ಡ ಮನುಷ್ಯ ಕುಳಿತಲ್ಲೇ ಅಳತೊಡಗಿದರು.

ಹೆಂಡತಿ ಎದ್ದು ಹೋಗಿ ಅವರ ಹೆಗಲ ಮೇಲೆ ಕೈಯಿಟ್ಟರು. ಸೆರಗಿನಿಂದ ಮುಖ ಒರೆಸಿದರು. ಸಾವರಿಸಿಕೊಂಡ ಮೇಲೆ ಕಾಕಾ ತುಂಡು ತುಂಡಾಗಿ ಹೇಳಿದರು: “ನನಗ ಪರೀಕ್ಷಾ… ಮಾಡಬ್ಯಾಡ್ರಿ. ನಾ ಎಲ್ಲಿ ಬಿಡ್ತೇನಿ…”

“ಅಲ್ಲಿಂದ ನಾ ಹಿಡೀತೇನಿ,” ಎಂದರು ಹೆಂಡತಿ. “ನಲವತ್ತು ವರ್ಷ ಹಿಂಗೇ ಮಾತಾಡೇವ್ರಿ ನಾವು. ಹೌದಲ್ರೀ?”

ಕಾಕಾ ಹೌದೆಂದು ಗೋಣು ಹಾಕಿದರು.

ನಾನು ಕ್ಷಮೆ ಕೇಳಿದೆ. ಮುಖ ಎತ್ತಲಾಗದೆ ರೆಕಾರ್ಡರ್ ಚೀಲಕ್ಕೆ ಹಾಕಿಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಆ ತಾಯಿ ಬೈಯಲಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ ತಂದು ಮುಂದಿಟ್ಟರು. “ಉಂಡು ಹೋಗ್ರಿ. ಇನ್ನೊಮ್ಮೆ ಬರ್ರಿ, ಅವ್ರಿಗೆ ಮಾತಾಡೂದು ಭಾಳ ಸೇರ್ತದ,” ಎಂದರು. ನೋಯಿಸಿದವಳನ್ನು ಮತ್ತೆ ಮನೆಗೆ ಕರೆದ ಆ ಮಾತು ಇಲ್ಲದಿದ್ದರೆ ನಾನು ಸಂಶೋಧನೆಯನ್ನು ಅಲ್ಲಿಗೇ ಬಿಟ್ಟಿರುತ್ತಿದ್ದೆ.

ಆ ವಾರವೆಲ್ಲ ಮನಸ್ಸಿಗೆ ಸಮಾಧಾನವಿರಲಿಲ್ಲ. ಇಬ್ಬರಿಗೂ ಒಂದೇ ಕಾಯಿಲೆ. ಒಬ್ಬರಿಗೆ ಬೇಡವಾದದ್ದು ಇನ್ನೊಬ್ಬರಿಗೆ ಆಸರೆ. ಹಾಗಾದರೆ ನನ್ನ ಒಂಬತ್ತು ಮಂದಿ ಒಂಬತ್ತು ಬೇರೆ ಬೇರೆ ಕತೆಗಳು, ಅಷ್ಟೇ. ಯಾರಿಗೆ ಏನು ಪ್ರಯೋಜನ?

ಒಂದು ಭಾನುವಾರ ಎರಡೂ ಧ್ವನಿಮುದ್ರಣಗಳನ್ನು ಮೊದಲಿನಿಂದ ಹಾಕಿ ಕೇಳಿದೆ, ನಾನು ಬರೆದಿಳಿಸಿದ ಹಾಳೆಗಳನ್ನು ಎದುರಿಗಿಟ್ಟುಕೊಂಡು. ಇಜೇರಿಯ ಮಾತು ಕೇಳುತ್ತಿದ್ದಾಗ ಹಾಳೆಯಲ್ಲಿಲ್ಲದ ಒಂದು ಪದ ಕಿವಿಗೆ ಬಿತ್ತು. ಆ ತಾಯಿ ಗಂಡನ ಮಾತನ್ನು ಮುಗಿಸಿದಾಗಲೆಲ್ಲ ಕೊನೆಗೆ “ಹೌದಲ್ರೀ?” ಎನ್ನುತ್ತಿದ್ದರು. ಆಮೇಲೆ ಸ್ವಲ್ಪ ನಿಶ್ಶಬ್ದ. ಆಮೇಲೆ ಕಾಕಾನ ಒಂದು “ಹ್ಞೂಂ”. ಎರಡು ಕಡೆ “ಹ್ಞೂಂ” ಬದಲು “ಊಹೂಂ” ಇತ್ತು. ಆಗ ಆಕೆ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಬೇರೆ ರೀತಿಯಲ್ಲಿ ಹೇಳಿದ್ದರು. ಇದು ಮಾತಿನ ನಡುವಿನ ರೂಢಿ, ಅರ್ಥವಿಲ್ಲದ್ದು ಎಂದುಕೊಂಡು ಬರೆದಿಳಿಸುವಾಗ ನಾನೇ ಅಷ್ಟನ್ನೂ ಬಿಟ್ಟಿದ್ದೆ.

ಕರಜಗಿಯ ಸೊಸೆಯ ಮಾತಲ್ಲಿ ಅಂಥದು ಒಂದೂ ಇರಲಿಲ್ಲ. ಅವಳು ಅತ್ತೆಯ ಪರವಾಗಿ ಹೇಳಿದ್ದು ನನಗೆ. ಅತ್ತೆಯನ್ನು ತಿರುಗಿ ಕೇಳಿರಲಿಲ್ಲ. ಉತ್ತರ ಯಾರ ಬಾಯಿಂದ ಬಂತು ಎಂಬುದಲ್ಲ, ಬಂದ ಉತ್ತರ ಅವರಿಗೆ ಒಪ್ಪಿಗೆಯೇ ಎಂದು ಕೇಳಿ ಕಾದವರು ಯಾರು ಎಂಬುದು ಮುಖ್ಯವಾಗಿತ್ತು. ದಪ್ಪ ಅಕ್ಷರದ ಹಾಳೆಯನ್ನು ಹರಿದು ಹಾಕಿದೆ.

ಹೊಸದಾಗಿ ಬರೆದದ್ದನ್ನು ಮಾರ್ಗದರ್ಶಕರಿಗೆ ತೋರಿಸುವ ಮೊದಲು ಕರಜಗಿಗೆ ಒಯ್ದೆ. ಸೊಸೆಯೂ ಇದ್ದಳು. ಆಯಿಯ ಒಪ್ಪಿಗೆ ಪಡೆದು, ಇಬ್ಬರೆದುರೂ ನಿಧಾನವಾಗಿ ಓದಿದೆ. ಸೊಸೆಯ ಕಣ್ಣು ತುಂಬಿತು.

“ತಡವರಿಸಿ ಹೇಳಿದ್ರ ಮಂದಿ ನಗ್ತಾರ, ಅತ್ತೀಗೆ ನಾಚಿಕಿ ಆಗಬಾರ್ದು ಅಂತ ನಾನೇ ಜಲ್ದಿ ಹೇಳ್ತಿದ್ದೆ, ಅಕ್ಕಾರೆ.”

ಆಯಿ ಆಕೆಯ ಮೊಣಕಾಲು ತಟ್ಟಿದರು. ನನ್ನ ಕಡೆ ತಿರುಗಿ ಎಷ್ಟೋ ಹೊತ್ತಿನ ಮೇಲೆ ಕೇಳಿದರು, “ಇದನ್ನ ಎಲ್ಲಾರಿಗೂ ಹೇಳ್ತೀಯೇನು?”

“ಹೇಳಬಹುದಾ, ಆಯಿ?”

“ಹೇಳು. ಆದ್ರ ನನ್ನ ಕಲ್ಲಿನ ಬಿಗಿ ಅವ್ರಿಗೆ ಹಚ್ಚಬ್ಯಾಡ. ಜ್ವಾಳಕ್ಕ ಒಂದು, ಗೋದಿಗೆ ಒಂದು. ಹಿಟ್ಟ ಮುಟ್ಟಿ ನೋಡು ಅಂತ ಹೇಳು.”

ಮಾರ್ಗದರ್ಶಕರ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ. ಪ್ರಬಂಧದಲ್ಲಿ ಆ ಮಾತನ್ನು ಹಾಗೆಯೇ ಹಾಕಿದೆ. ಇಜೇರಿಗೂ ಮತ್ತೆ ಹೋದೆ, ಒಂದಲ್ಲ, ನಾಲ್ಕು ಸಲ. ಕಾಕಾ ಮತ್ತು ಅವರ ಹೆಂಡತಿ ಇಬ್ಬರೂ ಸೇರಿ ಹೇಳಿದ ಬಸ್ಸಿನ ಕತೆಗಳಿಗೆ ನಾನು ಹೊಟ್ಟೆ ಹಿಡಿದು ನಕ್ಕಿದ್ದೇನೆ. ಕಳೆದ ವರ್ಷ ಕಾಕಾ ತೀರಿಕೊಂಡರು. ಆ ತಾಯಿ ಫೋನು ಮಾಡಿ, “ನಿಮ್ಮ ಪೆಟಿಗಿಯೊಳಗ ಅವ್ರ ದನಿ ಅದಲ್ರಿ?” ಎಂದು ಕೇಳಿದರು. ನಿಯಮದ ಪ್ರಕಾರ ಬೇಕಾದ ಅನುಮತಿ ಪಡೆದು ಒಯ್ದು ಕೇಳಿಸಿದೆ. ಆಕೆ ಒಂದು ಮಧ್ಯಾಹ್ನ ಪೂರ್ತಿ ಕೇಳಿದರು.

ಕೆಲಸ ಮುಗಿದ ಮೇಲೆ ಆಳಂದದಲ್ಲಿ, ಶಾಲೆಯ ಒಂದು ಕೋಣೆಯಲ್ಲಿ, ಇಂಥ ಕಾಯಿಲೆಯವರನ್ನು ನೋಡಿಕೊಳ್ಳುವವರನ್ನೂ ಆಶಾ ಕಾರ್ಯಕರ್ತೆಯರನ್ನೂ ಕರೆದು ಮಾತನಾಡಿದೆ. ಊರು, ಗುರುತು ಬಿಟ್ಟು ಕಂಡದ್ದನ್ನಷ್ಟೇ ಹೇಳಿದೆ. ಹಿಂದಿನ ಬೆಂಚಿನಿಂದ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡೇ ಬಂದಿದ್ದ ಒಬ್ಬ ಟೇಲರ್ ಎದ್ದು ನಿಂತರು.

“ನಮ್ಮಣ್ಣ ಎರಡು ವರ್ಷದಿಂದ ಮಾತೇ ಆಡಂಗಿಲ್ರಿ ಮೇಡಂ. ಈ ಹೌದಲ್ರೀ, ಗೀದಲ್ರೀ ನಮಗ ಉಪಯೋಗ ಇಲ್ಲ.”

“ಇರಲಿಕ್ಕಿಲ್ರಿ,” ಎಂದೆ. “ನಾನು ಮಾತಾಡೋರನ್ನಷ್ಟೇ ಕೇಳೇನಿ. ನಿಮ್ಮಣ್ಣನ ಬಗ್ಗೆ ನನಗಿಂತ ನಿಮಗ ಗೊತ್ತು.”

ಅವರು ಕೊರಳ ಟೇಪು ಸರಿಮಾಡಿಕೊಂಡು ಕುಳಿತರು. ಬೇಸರವಾಯಿತೇನೋ ಅಂದುಕೊಂಡೆ.

ಮೂರು ತಿಂಗಳ ನಂತರ ತವರಿಗೆ ಹೋಗಿದ್ದಾಗ ಅವರ ಅಂಗಡಿಯ ಮುಂದೆ ಹಾದೆ. ಕರೆದು ಕೂಡಿಸಿ ಚಹಾ ತರಿಸಿದರು. ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಅವರ ಅಣ್ಣ ಕುಳಿತಿದ್ದರು, ನೀಲಿ ಅಂಗಿ ತೊಟ್ಟು, ಬಟ್ಟೆಯ ಚೂರೊಂದನ್ನು ಬೆರಳಲ್ಲಿ ಮಡಚುತ್ತಾ.

“ಅವತ್ತು ಮನಿಗೆ ಹೋಗಿ ವಿಚಾರ ಮಾಡ್ದೆ,” ಎಂದರು ಟೇಲರ್. “ದಿನಾ ಅಂಗಿ ತೊಡಸೂ ಮುಂದ ಇವ್ರು ಕೈ ಬಿಗಿ ಹಿಡೀತಿದ್ರು. ಹಟ ಅಂತ ತಿಳ್ಕೊಂಡಿದ್ದೆ. ಮರುದಿನ ಎರಡು ಅಂಗಿ ಎದುರಿಗೆ ಹಿಡಿದು ಸುಮ್ನ ನಿಂತೆ. ಭಾಳ ಹೊತ್ತು ನಿಂತೆ. ಒಂದರ ಮ್ಯಾಲೆ ಕೈ ಇಟ್ರು ನೋಡ್ರಿ. ಆವತ್ತು ಕೈ ಸಡಿಲ ಬಿಟ್ಟು ತೊಡಸಾಕ ಬಿಟ್ರು.”

“ದಿನಾ ಹಿಂಗೇ ಮಾಡ್ತೀರಿ?”

“ಮಾಡ್ತೇನಿ. ಕೆಲವೊಂದು ದಿನ ಎರಡಕ್ಕೂ ಕೈ ಮಾಡಂಗಿಲ್ಲ. ಆಗ ನಾನೇ ಆರಸ್ತೇನಿ, ತಪ್ಪಿದ್ರ ಮಾರಿ ನೋಡಿದ್ರ ಗೊತ್ತಾಗ್ತದ.”

ಅವರು ಮಾಡಿದ್ದನ್ನು ನಾನು ಹೇಳಿಕೊಟ್ಟಿರಲಿಲ್ಲ. ಕರಜಗಿಯಲ್ಲೂ ಇಜೇರಿಯಲ್ಲೂ ನಾನು ಕೇಳಿದ್ದನ್ನು ಇವರು ತಮ್ಮ ಮನೆಯ ಅಳತೆಗೆ ತಾವೇ ಕತ್ತರಿಸಿಕೊಂಡಿದ್ದರು. ಅಣ್ಣನ ಹತ್ತಿರ ಹೋಗಿ ಅಂಗಿ ಚೆಂದ ಇದೆ ಎಂದೆ. ಅವರು ನನ್ನ ಮುಖವನ್ನೇ ನೋಡುತ್ತಾ ಬಟ್ಟೆಯ ಚೂರನ್ನು ನನ್ನ ಕೈಗೆ ಕೊಟ್ಟರು. ತೆಗೆದುಕೊಂಡು, ಅವರ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತೆ. ಕಲಬುರಗಿಯ ಬಸ್ಸಿಗೆ ಇನ್ನೂ ಹೊತ್ತಿತ್ತು.