ಭಂಡಾರ ಮುಟ್ಟಿದ ಬೆರಳು

ಮೊನ್ನೆ ಪಕ್ಕದ ಮನೆಯಿಂದ ಹಸಿ ಬಿಳಿ ಸಿಮೆಂಟಿನ ವಾಸನೆ ಬಂತು. ಇಣುಕಿ ನೋಡಿದೆ. ಬಚ್ಚಲುಮನೆಯಲ್ಲಿ ಗಾಜಿನ ಇಟ್ಟಿಗೆಯ ಅಡ್ಡಗೋಡೆ ಏಳುತ್ತಿತ್ತು. ನಾಲ್ಕು ಸಾಲು ಮುಗಿಸಿದ ಗೌಂಡಿ ಕೈ ತೊಳೆಯುತ್ತ, ಉಳಿದದ್ದು ನಾಳೆ ಎಂದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ...

ಇಪ್ಪತ್ತು ವರ್ಷದ ಹಿಂದೆ ಧನಕವಡಿಯ ನಮ್ಮ ಮನೆಯಲ್ಲೂ ಇಂಥದೇ ಗೋಡೆ ಕಟ್ಟಿಸಿದ್ದೆ. ಕಟ್ಟಿದವರು ಇಂಡಿ ಕಡೆಯ ಗೌಂಡಿ, ನನಗಿಂತ ಹಿರಿಯರು. ಮನೆಮಂದಿಯೆಲ್ಲ ಮಾಮಾ ಎನ್ನುತ್ತಿದ್ದೆವು. ಮಗಳ ಮದುವೆ ಗೊತ್ತಾಗಿತ್ತು. ಧಾರವಾಡದ ಬೀಗರು ಜೇಜುರಿಯ ಖಂಡೋಬನ ದರ್ಶನ ಮುಗಿಸಿಕೊಂಡು ಮರುದಿನ ನಮ್ಮಲ್ಲಿಗೆ ಬರುವವರಿದ್ದರು. ಅಷ್ಟರೊಳಗೆ ಗೋಡೆ ಆಗಲೇಬೇಕೆಂದು ಹಟ ಹಿಡಿದೆ.

"ಬ್ಯಾಡ್ರಿ ಸಾಹೇಬ್ರ. ಮಣ್ಣಿನ ಇಟ್ಟಂಗಿ ನೀರು ಕುಡಿತದ, ಗಾಜು ಕುಡ್ಯಂಗಿಲ್ಲ. ಸಿಮೆಂಟ್ ಒಣಗಾಕ ಭಾಳ ಹೊತ್ತು ಬೇಕು. ದಿನಕ್ಕ ನಾಕ ಸಾಲು."

"ನೀವು ಚಾ ಕುಡಿಯೂದು ಕಡಿಮಿ ಮಾಡ್ರಿ ಮಾಮಾ, ತಾನ ಮುಗಿತದ," ಎಂದು ನಕ್ಕೆ. ಅವರು ನಗಲಿಲ್ಲ. ಎದುರಿಗೇ ನಿಂತು ಹನ್ನೆರಡೂ ಸಾಲು ಕಟ್ಟಿಸಿದೆ.

ಮರುದಿನ ಬೀಗರು ಉಪ್ಪಿಟ್ಟು ತಿನ್ನುತ್ತಿದ್ದಾಗ ಒಳಗೆ ಗೋಡೆ ಜಾರಿ ಬಿತ್ತು. ಸಂದು ಒರೆಸಲು ಬಂದಿದ್ದ ಮಾಮಾ ಬಾಗಿಲಲ್ಲೇ ಇದ್ದರು. ಬಂದೊಡನೆ ಗೋಡೆ ನೋಡಿ ಮೆಚ್ಚಿ, ಧಾರವಾಡದ ತಮ್ಮ ಹೊಸ ಮನೆಯ ಕೆಲಸವನ್ನು ಮಾಮಾನಿಗೇ ಕೊಡುವುದಾಗಿ ಬೀಗರು ಹೇಳಿದ್ದರು. ಈಗ ಬೀಗರು ನನ್ನ ಮುಖ ನೋಡಿದರು.

"ಇವರೇ ಗಡಿಬಿಡಿ ಮಾಡಿದ್ರು," ಎಂದುಬಿಟ್ಟೆ.

ಬೀಗರು ಜೇಜುರಿಯಿಂದ ತಂದ ಭಂಡಾರದ ತಟ್ಟೆ ಮೇಜಿನ ಮೇಲಿತ್ತು. ಮಾಮಾ ಅದನ್ನೆತ್ತಿ ನನ್ನ ಮುಂದೆ ಹಿಡಿದರು. "ಖಂಡೋಬನ ಭಂಡಾರ ಮುಟ್ಟಿ ಹೇಳ್ರಿ. ನಾ ಬ್ಯಾಡ ಅಂದಿದ್ದಿಲ್ಲೇನ್ರಿ?"

ಆ ಅರಿಸಿನದ ಪುಡಿಯಲ್ಲಿ ಬೆರಳಿಟ್ಟೆ. "ಅಂದಿದ್ದಿಲ್ಲ."

ಮಾಮಾ ಬಹಳ ಹೊತ್ತು ನನ್ನ ಬೆರಳನ್ನೇ ನೋಡಿದರು. "ಭಂಡಾರ ಮುಟ್ಟಿದ್ರಲ್ಲ... ಹಂಗಾರ ನಾನ ಮರ್ತಿರಬೇಕ್ರಿ." ಅದರಲ್ಲಿ ಕುಹಕವಿರಲಿಲ್ಲ. ಭಂಡಾರ ಮುಟ್ಟಿದವನು ಸುಳ್ಳು ಹೇಳಬಹುದೆಂದು ಅವರಿಗೆ ಹೊಳೆಯಲೇ ಇಲ್ಲ.

ಧಾರವಾಡದ ಕೆಲಸ ಬೇರೆಯವರಿಗೆ ಹೋಯಿತು. ಮಾಮಾ ಮೂರು ದಿನ ಬಂದು, ದಿನಕ್ಕೆ ನಾಲ್ಕೇ ಸಾಲಿನಂತೆ ಗೋಡೆಯನ್ನು ಮತ್ತೆ ಎಬ್ಬಿಸಿದರು. ನನ್ನಾಕೆ ಕೊಟ್ಟ ಚಹಾ ಮುಟ್ಟಲಿಲ್ಲ.

ನಿನ್ನೆ ಅವರನ್ನು ಹುಡುಕಿಕೊಂಡು ಅವರ ಮನೆಯಿದ್ದ ಬಿಬವೇವಾಡಿಗೆ ಹೋದೆ. ತೀರಿಕೊಂಡು ವರ್ಷವಾಯಿತಂತೆ. "ಅಪ್ಪ ನಿಮ್ಮ ಮನಿ ಗ್ವಾಡಿ ಆದಮ್ಯಾಲೆ ಗಾಜಿನ ಕೆಲಸ ಹಿಡೀಲೇ ಇಲ್ರಿ," ಎಂದಳು ಅವರ ಮಗಳು. "ನನಗ ಆಡಿದ ಮಾತು ನೆನಪುಳಿವಲ್ದು ಅಂತಿದ್ದ." ಅವಳಿಗೂ ನಿಜ ಹೇಳಲು ನನ್ನಿಂದಾಗಲಿಲ್ಲ.

ಮನೆಗೆ ಬಂದು ಬೀಗರಿಗೆ ಫೋನ್ ಮಾಡಿದೆ. ಆ ಗೌಂಡಿ ಬೇಡವೆಂದೇ ಹೇಳಿದ್ದರು, ನಾನೇ ಕಟ್ಟಿಸಿದೆ, ಭಂಡಾರ ಮುಟ್ಟಿ ಸುಳ್ಳು ಹೇಳಿದೆ ಎಂದೆ.

"ಯಾವ ಗೌಂಡಿರಿ?" ಎಂದರು.

ಎಷ್ಟು ಬಿಡಿಸಿ ಹೇಳಿದರೂ ಅವರಿಗೆ ನೆನಪಾಗಲಿಲ್ಲ. ನಮ್ಮ ಬಚ್ಚಲಿನ ಗೋಡೆ ಕೂದಲೆಳೆಯಷ್ಟೂ ಬಿರಿಯದೆ ನಿಂತಿದೆ. ಮಾಮಾ ಅಂದು ಬೇಡ ಎಂದದ್ದು ಗೊತ್ತಿರುವವನು ಈಗ ನಾನೊಬ್ಬನೇ...