ಖಾಲಿ ಪೆಟ್ಟಿಗೆಯ ಶಾಖ

ಸಾಗರದ ವರ್ಕ್‌ಶಾಪೊಂದರಲ್ಲಿ ನಾನು ಡ್ರೈಯರ್‌ಗಳ ನಕ್ಷೆ ಮಾಡುತ್ತಿದ್ದೆ. ಕೋಣಂದೂರಿನ ಎಂಟು ಹೆಂಗಸರು ಸೇರಿ ಹಲಸಿನ ಹಪ್ಪಳ ಒಣಗಿಸಲು ಒಂದು ಬೇಕೆಂದಿದ್ದರು. ಆಳೆತ್ತರದ ತಗಡಿನ ಪೆಟ್ಟಿಗೆ. ಕೆಳಗೆ ಸೌದೆ ಒಲೆ, ಒಳಗೆ ಬಿಸಿಹೊಗೆ ಹಾಯುವ ಕೊಳವೆಗಳು, ಅವುಗಳ ಮೇಲೆ ತಟ್ಟೆಗಳು. ಗೋಡೆಯ ಎರಡು ತಗಡುಗಳ ನಡುವೆ ಥರ್ಮೊಕೋಲ್ ಸಾಕೇ ಎಂದು ವರ್ಕ್‌ಶಾಪಿನ ಮಾಲೀಕರು ಕೇಳಿದರು. ಸಾಕು ಎಂದವನು ನಾನೇ.

ಸಾಫ್ಟ್‌ವೇರಿನಲ್ಲಿ ಕೊಳವೆಗಳ ಮೈಯನ್ನು ಆರಿಸಿ, ಒಲೆಯ ಶಾಖವನ್ನು ಅವುಗಳಿಗೆ ಕೊಟ್ಟಿದ್ದೆ. ಹಸಿ ಹಪ್ಪಳದ ನೀರು ಆವಿಯಾಗುವಾಗ ಶಾಖ ಹೀರುತ್ತದೆ. ಹಾಗಾಗಿ ತಟ್ಟೆಗಳಿಗೆ ಮೈನಸ್ ಚಿಹ್ನೆಯ ಹೀಟ್ ಲೋಡ್, ಅಂದರೆ ಅಷ್ಟು ಶಾಖ ಕಳೆಯುವ ಲೆಕ್ಕ, ಕೊಟ್ಟಿದ್ದೆ. ಲೆಕ್ಕದಲ್ಲಿ ಗೋಡೆ ಅರವತ್ತೆಂಟು ಡಿಗ್ರಿಗೆ ನಿಂತಿತ್ತು; ಅಷ್ಟನ್ನು ಥರ್ಮೊಕೋಲ್ ತಾಳುತ್ತದೆ.

ಡ್ರೈಯರ್ ಕೂರಿಸಿದ ಮಾರನೆಯ ಬೆಳಿಗ್ಗೆ ಆ ಹೆಂಗಸರ ಸಂಘದ ಹಿರಿಯಕ್ಕ ಫೋನ್ ಮಾಡಿದರು.

"ತಮ್ಮಾ, ಹಾಲುಕ್ಕಿಸಿ ಆಯ್ತು. ಈಗ ಒಲೆ ಹಚ್ತೀವಿ. ನೀ ಬಂದಿದ್ರೆ ಪಾಯಸ ಸಿಕ್ತಿತ್ತು."

"ಹಪ್ಪಳ ಎಷ್ಟು ಹಾಕಿದ್ರಿ ಅಕ್ಕಾ?"

"ಅಯ್ಯೋ, ಇವತ್ತೇ ಹಾಕ್ತಾರಾ? ಹೊಸ ತಗಡಿನ ವಾಸನೆ ಹತ್ತಲ್ವಾ? ಖಾಲಿ ಬಿಟ್ಟು ಚೆನ್ನಾಗಿ ಉರಿಸ್ಬೇಕು. ಇಂಜಿನಿಯರಿಗೆ ಅಡುಗೆಮನೆ ಗೊತ್ತಿಲ್ಲ ಕಣ್ರೇ!"

ಹಿಂದೆ ಎಲ್ಲರೂ ನಕ್ಕರು. ನಾನೂ ನಕ್ಕು ಫೋನ್ ಇಟ್ಟೆ.

ಬೇರೆ ಕೆಲಸಕ್ಕೆಂದು ಅದೇ ಫೈಲ್ ತೆರೆದಾಗ ತಟ್ಟೆಗಳ ಮೈನಸ್ ಚಿಹ್ನೆ ಕಣ್ಣಿಗೆ ಬಿತ್ತು. ಖಾಲಿ ಪೆಟ್ಟಿಗೆಯಲ್ಲಿ ಶಾಖ ಹೀರಲು ಏನೂ ಇರುವುದಿಲ್ಲ. ಆ ಲೋಡನ್ನು ತೆಗೆದು ಮತ್ತೆ ಓಡಿಸಿದೆ. ಗೋಡೆ ನೂರ ಮೂವತ್ತು ದಾಟಿತು. ಥರ್ಮೊಕೋಲ್ ಅದಕ್ಕೂ ಎಷ್ಟೋ ಮೊದಲೇ ಕರಗುತ್ತದೆ, ಆಮೇಲೆ ಹೊತ್ತಿಕೊಳ್ಳುತ್ತದೆ. ಅಕ್ಕ ಫೋನ್ ಮಾಡಿ ಇಪ್ಪತ್ತೆರಡು ನಿಮಿಷವಾಗಿತ್ತು.

ಹನ್ನೊಂದು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ನನ್ನ ಹತ್ತಿರ ಇದ್ದದ್ದು ಅವರೊಬ್ಬರ ನಂಬರ್. ಸಿಕ್ಕ ಬಸ್ಸು ಹತ್ತಿದೆ. ಹೊಸನಗರದಲ್ಲಿ ಇಳಿದು ಮುಂದಿನ ಬಸ್ಸಿಗೆ ಕಾಯುತ್ತಿದ್ದಾಗ ಮಾಲೀಕರೇ ಫೋನ್ ಮಾಡಿದರು.

"ಮೇಲಿನ ತಗಡು ಬಿಚ್ಕೊಂಡು ಬೆಂಕಿ ಬಿದ್ದಿದೆ ಮಾರಾಯಾ. ಆ ಯಮ್ಮನ ಕೈ ಸುಟ್ಟಿದೆ, ತೀರ್ಥಹಳ್ಳಿಗೆ ಕರ್ಕೊಂಡೋಗಿದಾರೆ. ಸೌದೆ ಜಾಸ್ತಿ ತುಂಬಿದ್ರಂತೆ. ನೀ ಏನೂ ಮಾತಾಡೋಕೆ ಹೋಗ್ಬೇಡ."

ಬಸ್ಸು ಕೋಣಂದೂರಿನಲ್ಲಿ ನಿಂತಾಗ ನಾನು ಇಳಿಯಲಿಲ್ಲ.

ತೀರ್ಥಹಳ್ಳಿ ಆಸ್ಪತ್ರೆಯ ಹಾಸಿಗೆಯಲ್ಲಿ ಅಕ್ಕ ಬಲಗೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದರು. ಬೆರಳಿನಿಂದ ಮೊಣಕೈವರೆಗೆ ಬ್ಯಾಂಡೇಜು. ಹಪ್ಪಳ ಒತ್ತುವ ಕೈ ಅದು.

"ನಂದೇ ತಪ್ಪು ತಮ್ಮಾ. ಎರಡು ಸೌದೆ ಹೆಚ್ಚಿಗೆ ಇಟ್ನೇನೋ. ಹೊರಗೆ ಎಲ್ಲಾ ಹಂಗೇ ಅಂತಿದಾರೆ, ಸಂಘದ ಪೆಟ್ಟಿಗೆ ಸುಟ್ಟಳು ಅಂತ."

"ಸೌದೆ ಅಲ್ಲ ಅಕ್ಕಾ. ಹಪ್ಪಳ ಒಳಗಿದೆ ಅಂದ್ಕೊಂಡೇ ನಾನು ಲೆಕ್ಕ ಮಾಡಿದ್ದೆ. ಖಾಲಿ ಉರಿಸಿದ್ರೆ ಏನಾಗುತ್ತೆ ಅಂತ ನೋಡ್ಲೇ ಇಲ್ಲ."

ಅವರು ದಿಂಬಿನ ಮೇಲಿನ ಕೈಯತ್ತ ನೋಡಿದರು.

"ಹೊಸ ಒಲೆ ಖಾಲಿ ಉರಿಸೋದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಒಂದ್ ಮಾತು ಕೇಳಿದ್ರೆ ಹೇಳ್ತಿದ್ವಲ್ಲೋ."

ಅವರು ಮುಖವನ್ನು ಗೋಡೆಗೆ ತಿರುಗಿಸಿಕೊಂಡರು.

"ನಂಗೆ ಹೇಳಿದ್ದನ್ನ ಅವ್ರಿಗೂ ಹೇಳು, ಹೋಗು."

ಹೊರಗೆ ಬೆಂಚಿನ ಮೇಲಿದ್ದ ಏಳು ಜನ ನನ್ನನ್ನು ನೋಡಿ ಮಾತು ನಿಲ್ಲಿಸಿದರು. ತುದಿಯಲ್ಲಿದ್ದವರು ಸರಿದು ಜಾಗ ಕೊಟ್ಟರು. ನಾನು ಕೂರದೆ ಹೇಳತೊಡಗಿದೆ.